ಕನ್ನಡ ಮಾಧ್ಯಮದ ಮಗುವಿಗೆ ಕಂಪ್ಯೂಟರು ದೂರವೇ?

ಪ್ರತಿ ವರ್ಷ ಮೇ ತಿಂಗಳು ಬಂತೆಂದರೆ ಕಾಸರಗೋಡಿನ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ತಲೆಯೆತ್ತುತ್ತದೆ. ಮಗುವನ್ನು ಕನ್ನಡ ಮಾಧ್ಯಮದಲ್ಲಿಯೇ ಮುಂದುವರಿಸುವುದೋ, ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವುದೋ? ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಮೊದಲು ಇದಕ್ಕೊಂದು ಉತ್ತರ ಆಗಲೇಬೇಕು. ಹಿಂದೆ ಈ ಚರ್ಚೆಯಲ್ಲಿ ಡಾಕ್ಟರಿಕೆ, ಇಂಜಿನಿಯರಿಂಗುಗಳ ಹೆಸರು ಕೇಳಿಬರುತ್ತಿತ್ತು. ಈಗ ಕೇಳಿಬರುವುದು ಬೇರೆ ಮಾತು. "ಟೀಚರೇ, ಮುಂದೆ ಎಲ್ಲವೂ ಕಂಪ್ಯೂಟರು. ಕಂಪ್ಯೂಟರಿಗೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಗೊತ್ತುಂಟೋ?"

ಈ ಪ್ರಶ್ನೆಯನ್ನು ನಗೆಯಾಡಿ ತಳ್ಳಿಬಿಡುವಂತಿಲ್ಲ. ಹೆತ್ತವರ ಕಳಕಳಿ ನಿಜವಾದದ್ದು. ಮಗುವಿನ ಅನ್ನದ ದಾರಿ ಯಾವುದೆಂದು ಅವರು ಯೋಚಿಸದೆ ಇನ್ನು ಯಾರು ಯೋಚಿಸಬೇಕು? ಆದರೆ ಈ ಒಂದು ಮಾತನ್ನು ನಂಬಿ ಮಕ್ಕಳನ್ನು ಕನ್ನಡ ತರಗತಿಯಿಂದ ಬಿಡಿಸಿಕೊಂಡು ಹೋಗುವುದು ಸರಿಯೇ ಎಂಬುದನ್ನು ಸ್ವಲ್ಪ ತಾಳ್ಮೆಯಿಂದ ವಿಚಾರಿಸಬೇಕೆಂಬುದು ನನ್ನ ವಿನಂತಿ. ಒಳ್ಳೆಯ ಪ್ರೋಗ್ರಾಂ ಬರೆಯುವವನನ್ನು ರೂಪಿಸುವುದು ಅವನು ಓದಿದ ಮಾಧ್ಯಮವಲ್ಲ, ಅವನ ಕೆಲಸದ ಕೆಲವು ಅಭ್ಯಾಸಗಳು ಮತ್ತು ಆ ಅಭ್ಯಾಸಗಳಿಗೆ ನೆರವಾಗುವ ಕೆಲವು ಸಲಕರಣೆಗಳು. ಇವನ್ನು ಕನ್ನಡದಲ್ಲಿಯೇ, ನಮ್ಮ ಶಾಲೆಯಲ್ಲಿಯೇ ಕಲಿಯಬಹುದು. ಬೇಕಾದ ಇಂಗ್ಲಿಷನ್ನು ಇಂಗ್ಲಿಷ್ ಪಾಠವಾಗಿ ಕಲಿತರೆ ಸಾಕು. ಇದು ನನ್ನ ಅಭಿಪ್ರಾಯ. ಕಾರಣಗಳನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದಾಗಿ, ಕಂಪ್ಯೂಟರಿಗೆ ಇಂಗ್ಲಿಷ್ ತಿಳಿಯುತ್ತದೆ ಎಂಬುದೇ ಒಂದು ಭ್ರಮೆ. ಅದರೊಳಗೆ ಇರುವುದು ಸೊನ್ನೆ ಮತ್ತು ಒಂದು ಎಂಬ ಎರಡೇ ಸಂಕೇತ. ಮನುಷ್ಯರು ಬರೆದ ಆಜ್ಞೆಗಳನ್ನು ಆ ಸಂಕೇತಗಳಿಗೆ ತಿರುಗಿಸಿ ಕೊಡುವ ಒಂದು ಭಾಷಾಂತರಕಾರ ಪ್ರೋಗ್ರಾಂ ಇದೆ. ಅದಕ್ಕೆ ಕಂಪೈಲರ್ ಎಂದು ಹೆಸರು. ಅಮೆರಿಕದ ಗ್ರೇಸ್ ಹಾಪರ್ ಎಂಬ ಗಣಿತ ವಿದುಷಿ 1952ರ ಸುಮಾರಿಗೆ ಈ ದಾರಿಯಲ್ಲಿ ಮೊದಲ ಹೆಜ್ಜೆಗಳನ್ನಿಟ್ಟರು. ಇಂಗ್ಲಿಷ್ ಪದಗಳಲ್ಲಿ ಆಜ್ಞೆ ಬರೆಯುವ ಪದ್ಧತಿಯನ್ನು ರೂಪಿಸಿದವರೂ ಅವರೇ. ಅದೇ ಆಜ್ಞೆಗಳನ್ನು ಫ್ರೆಂಚಿನಲ್ಲಿಯೂ ಜರ್ಮನಿನಲ್ಲಿಯೂ ಬರೆದು ಯಂತ್ರ ಅವನ್ನೂ ನಡೆಸಿಕೊಡುತ್ತದೆಂದು ಅವರು ತೋರಿಸಿದಾಗ ಅಲ್ಲಿಯ ಮೇಲಧಿಕಾರಿಗಳಿಗೆ ಅದು ರುಚಿಸಲಿಲ್ಲವಂತೆ. ಅಮೆರಿಕದ ಯಂತ್ರ ಫ್ರೆಂಚ್ ತಿಳಿಯುವುದೆಂದರೇನು ಎಂದು ಅವರು ಗಾಬರಿಗೊಂಡರೆಂದು ಹಾಪರ್ ಮುಂದೆ ಹೇಳುತ್ತಿದ್ದರು. ಯಂತ್ರಕ್ಕಂತೂ ಎಲ್ಲವೂ ಒಂದೇ. ಭೇದ ಇದ್ದದ್ದು ಮನುಷ್ಯರ ಮನಸ್ಸಿನಲ್ಲಿ.

ಭಾಷಾಂತರವೆಂಬುದು ನಮ್ಮ ಮಕ್ಕಳಿಗೆ ಹೊಸದೇ? ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಬ್ಯಾರಿ ಅಥವಾ ಹವ್ಯಕ, ಶಾಲೆಯಲ್ಲಿ ಕನ್ನಡ, ಕಚೇರಿಯ ಅರ್ಜಿಯಲ್ಲಿಯೂ ಬಸ್ಸಿನ ಬೋರ್ಡಿನಲ್ಲಿಯೂ ಮಲಯಾಳ, ಪುಸ್ತಕದಲ್ಲಿ ಹಿಂದಿ, ಇಂಗ್ಲಿಷ್. ಅಜ್ಜಿ ತುಳುವಿನಲ್ಲಿ ಹೇಳಿದ್ದನ್ನು ಕೇಳಿ ಮಲಯಾಳದ ಅರ್ಜಿ ತುಂಬಿ ಕನ್ನಡದಲ್ಲಿ ರುಜು ಹಾಕಿಸುವ ಮಗು ನಮ್ಮ ಊರಿನಲ್ಲಿ ಅಪರೂಪವಲ್ಲ. ಒಂದು ಹೇಳಿಕೆಯ ತಿರುಳು ಕೆಡದಂತೆ ಅದನ್ನು ಇನ್ನೊಂದು ಭಾಷೆಗೆ ದಾಟಿಸುವ ಈ ಕೌಶಲ ಗಡಿನಾಡು ನಮಗೆ ಕೊಟ್ಟ ಬಳುವಳಿ.

ಎರಡನೆಯದಾಗಿ, ಈ ವಿದ್ಯೆಯನ್ನು ಬೆಳೆಸಿದವರೆಲ್ಲ ಇಂಗ್ಲಿಷ್ ಮನೆಮಾತಿನವರಲ್ಲ. ನಮ್ಮ ಐ.ಸಿ.ಟಿ. ಪಠ್ಯದಲ್ಲಿ ಬರುವ ಪೈಥಾನ್ ಭಾಷೆಯನ್ನು 1991ರಲ್ಲಿ ಹೊರತಂದ ಗೈಡೋ ವಾನ್ ರಾಸಮ್ ಹಾಲೆಂಡಿನವರು. 1995ರಲ್ಲಿ ಹೊರಬಂದ ರೂಬಿ ಎಂಬ ಭಾಷೆಯ ಕರ್ತೃ ಯುಕಿಹಿರೋ ಮಾತ್ಸುಮೋತೋ ಜಪಾನಿನವರು. ಲುವಾ ಎಂಬ ಭಾಷೆ 1993ರಲ್ಲಿ ಬ್ರೆಜಿಲಿನಲ್ಲಿ ಹುಟ್ಟಿತು. ನಮ್ಮ ಶಾಲೆಯ ಕಂಪ್ಯೂಟರುಗಳನ್ನು ನಡೆಸುವ ಲಿನಕ್ಸಿನ ಮೂಲಪುರುಷ ಲಿನಸ್ ಟೊರ್ವಾಲ್ಡ್ಸ್ ಫಿನ್ಲೆಂಡಿನವರು. 1991ರಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಆ ಕೆಲಸ ಆರಂಭಿಸಿದರು. ಇವರ ವಿಷಯದಲ್ಲಿ ನಮ್ಮ ಮಕ್ಕಳು ತಿಳಿಯಬೇಕಾದ ಸಂಗತಿ ಇನ್ನೊಂದಿದೆ. ಫಿನ್ಲೆಂಡಿನ ಬಹುಸಂಖ್ಯಾತರ ನುಡಿ ಫಿನ್ನಿಷ್. ಟೊರ್ವಾಲ್ಡ್ಸ್ ಅವರ ಮನೆಮಾತು ಸ್ವೀಡಿಷ್. ಅಂದರೆ ಅವರೂ ನಮ್ಮಂತೆಯೇ ಭಾಷಾ ಅಲ್ಪಸಂಖ್ಯಾತರ ಮನೆಯ ಮಗು.

ಇದಕ್ಕಿಂತಲೂ ಮುಖ್ಯವಾದ ಮಾತೊಂದಿದೆ. ಎಡ್ಸ್ಗರ್ ಡೈಕ್ಸ್ಟ್ರಾ ಎಂಬ ಡಚ್ ವಿದ್ವಾಂಸರು ಪ್ರೋಗ್ರಾಮಿಂಗನ್ನು ಶಾಸ್ತ್ರವಾಗಿ ಕಟ್ಟಿದವರಲ್ಲಿ ಅಗ್ರಗಣ್ಯರು. ಗಣಿತದ ಒಲವನ್ನು ಬಿಟ್ಟರೆ ಸಮರ್ಥ ಪ್ರೋಗ್ರಾಮರನಿಗೆ ಬೇಕಾದ ಅತಿ ದೊಡ್ಡ ಆಸ್ತಿ ತನ್ನ ತಾಯ್ನುಡಿಯ ಮೇಲಿನ ಅಸಾಧಾರಣ ಹಿಡಿತ ಎಂದು ಅವರು 1975ರಲ್ಲಿ ಬರೆದರು. ಇಂಗ್ಲಿಷಿನ ಮೇಲಿನ ಹಿಡಿತ ಎನ್ನಲಿಲ್ಲ, ತಾಯ್ನುಡಿಯ ಮೇಲಿನ ಹಿಡಿತ ಎಂದರು. ಇದು ಯಾಕೆ ನಿಜ ಎಂಬುದನ್ನು ನಮ್ಮ ಶಾಲೆಯದ್ದೇ ಒಂದು ಉದಾಹರಣೆಯಿಂದ ವಿವರಿಸುತ್ತೇನೆ.

ಅಂಕಗಳನ್ನು ಕೊಟ್ಟರೆ ಗ್ರೇಡ್ ಹೇಳುವ ಒಂದು ಪ್ರೋಗ್ರಾಂ ಬರೆಯಬೇಕಾಗಿದೆ ಎಂದಿಟ್ಟುಕೊಳ್ಳೋಣ. ನಮ್ಮ ಎಸ್.ಎಸ್.ಎಲ್.ಸಿ.ಯಲ್ಲಿ ಶೇಕಡಾ 90ರಿಂದ ಎ ಪ್ಲಸ್. 80ರಿಂದ 89ರ ವರೆಗೆ ಎ. ಹೀಗೆ ಇಳಿಯುತ್ತ 30ರಿಂದ 39ರ ವರೆಗೆ ಡಿ ಪ್ಲಸ್. ಮುಂದಿನ ತರಗತಿಗೆ ಹೋಗಲು ಡಿ ಪ್ಲಸ್ ಬೇಕು. ಇದನ್ನು ಒಬ್ಬ ವಿದ್ಯಾರ್ಥಿ ತನ್ನ ಪುಸ್ತಕದಲ್ಲಿ "ಮೂವತ್ತರ ಮೇಲೆ ಬಂದವರು ತೇರ್ಗಡೆ" ಎಂದು ಬರೆದುಕೊಂಡನೆನ್ನಿ. ಮಾತಿನಲ್ಲಿ ನಾವೆಲ್ಲ ಹೀಗೆಯೇ ಹೇಳುತ್ತೇವೆ. ಆದರೆ ಸರಿಯಾಗಿ ಮೂವತ್ತೇ ಬಂದ ಮಗುವಿನ ಗತಿ ಏನು? "ಮೂವತ್ತರ ಮೇಲೆ" ಎಂಬುದಕ್ಕೂ "ಮೂವತ್ತು ಅಥವಾ ಅದಕ್ಕಿಂತ ಹೆಚ್ಚು" ಎಂಬುದಕ್ಕೂ ಪ್ರೋಗ್ರಾಮಿನಲ್ಲಿ ಒಂದೇ ಒಂದು ಚಿಹ್ನೆಯ ವ್ಯತ್ಯಾಸ. ಆ ಚಿಹ್ನೆ ಬಿಟ್ಟುಹೋದರೆ ಮೂವತ್ತು ಪಡೆದ ಮಕ್ಕಳೆಲ್ಲ ಸದ್ದಿಲ್ಲದೆ ಅನುತ್ತೀರ್ಣರಾಗುತ್ತಾರೆ. ಯಂತ್ರ ತನಗೆ ಹೇಳಿದ್ದನ್ನು ಮಾಡಿತು. ತಪ್ಪು ಇದ್ದದ್ದು ಕನ್ನಡ ವಾಕ್ಯದಲ್ಲಿ. ಬರೆಯುವ ಮೊದಲೇ "ಮೇಲೆ ಎಂದರೆ ಎಲ್ಲಿಂದ?" ಎಂದು ಕೇಳುವ ಬುದ್ಧಿ ವ್ಯಾಕರಣದ ತರಗತಿಯಲ್ಲಿ ಬೆಳೆಯುತ್ತದೆ. ಹಾಗಾದ ಮೇಲೆ ಕನ್ನಡವನ್ನು ಚೆನ್ನಾಗಿ ಕಲಿಯುವುದು ಕಂಪ್ಯೂಟರಿಗೆ ಅಡ್ಡಿಯೆಂದು ಹೇಗೆ ಒಪ್ಪಲಿ?

ಸಮಸ್ಯೆಯನ್ನು ಸ್ಪಷ್ಟವಾಗಿ ನುಡಿಯದಿದ್ದರೆ ಎಂಥವರಿಗೂ ಹಾನಿ ತಪ್ಪದು. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ಮಂಗಳ ಗ್ರಹಕ್ಕೆ ಕಳುಹಿಸಿದ್ದ ಒಂದು ನೌಕೆ 1999ರ ಸೆಪ್ಟೆಂಬರಿನಲ್ಲಿ ನಾಶವಾಯಿತು. ಒಂದು ಕಡೆಯವರ ಪ್ರೋಗ್ರಾಂ ಪೌಂಡಿನ ಮಾನದಲ್ಲಿ ಲೆಕ್ಕ ಕೊಟ್ಟಿತ್ತು. ಇನ್ನೊಂದು ಕಡೆಯವರ ಪ್ರೋಗ್ರಾಂ ಅದನ್ನು ನ್ಯೂಟನ್ ಮಾನವೆಂದು ತಿಳಿದಿತ್ತು. ಎರಡೂ ಕಡೆಯವರು ಇಂಗ್ಲಿಷ್ ಬಲ್ಲವರೇ. ಆದರೆ "ಯಾವ ಮಾನ?" ಎಂಬ ಸಣ್ಣ ಪ್ರಶ್ನೆ ಎಲ್ಲಿಯೋ ತಪ್ಪಿಹೋಯಿತು.

ಹಾಗಾದರೆ ನಮ್ಮ ಮಕ್ಕಳು ರೂಢಿಸಿಕೊಳ್ಳಬೇಕಾದ ಅಭ್ಯಾಸಗಳು ಯಾವುವು? ನಾಲ್ಕನ್ನು ಹೇಳುತ್ತೇನೆ.

ಮೊದಲನೆಯದು, ಹೆಸರಿಡುವ ಅಭ್ಯಾಸ. ಪ್ರೋಗ್ರಾಮಿನಲ್ಲಿ ಪ್ರತಿಯೊಂದು ಮೌಲ್ಯಕ್ಕೂ ಒಂದು ಹೆಸರು ಕೊಡಬೇಕಾಗುತ್ತದೆ. ಬೀಜಗಣಿತದಂತೆ ಎ, ಬಿ, ಸಿ ಎಂದು ಇಟ್ಟರೆ ಯಂತ್ರಕ್ಕೆ ತೊಂದರೆ ಇಲ್ಲ. ಮೂರು ತಿಂಗಳ ಮೇಲೆ ಓದುವ ಮನುಷ್ಯನಿಗೆ ಮಾತ್ರ ತಲೆಬುಡ ತಿಳಿಯದು. ಒಟ್ಟು ಅಂಕ, ಹಾಜರಿ, ಕೊನೆಯ ದಿನ ಎಂದು ವಸ್ತುವಿನ ಗುಣವನ್ನು ಹೇಳುವ ಹೆಸರಿಡಬೇಕು. 2008ರಲ್ಲಿ ಹೊರಬಂದ ಪೈಥಾನ್ 3ರಿಂದ ಮುಂದೆ ಈ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೇ ಇಡಬಹುದೆಂಬುದು ಅನೇಕರಿಗೆ ತಿಳಿಯದು. "ಅಂಕ = 35" ಎಂದು ಬರೆದರೆ ಅದು ಮರುಮಾತಿಲ್ಲದೆ ಒಪ್ಪಿಕೊಳ್ಳುತ್ತದೆ. ಅಕ್ಷರರೂಪದಲ್ಲಿ "೩೫" ಎಂದು ಕೊಟ್ಟು ಸಂಖ್ಯೆಯಾಗಿಸು ಎಂದರೆ ಕನ್ನಡದ ಅಂಕಿಗಳನ್ನು ಗುರುತಿಸಿ 35 ಎಂದು ಉತ್ತರಿಸುತ್ತದೆ. ನಾಲ್ಕು ದೇಶದವರು ಕೂಡಿ ಮಾಡುವ ಕೆಲಸದಲ್ಲಿ ಎಲ್ಲರೂ ಓದಬಲ್ಲ ಇಂಗ್ಲಿಷ್ ಹೆಸರುಗಳೇ ಬೇಕು, ನಿಜ. ಆದರೆ ಕಲಿಯುವ ಹಂತದಲ್ಲಿ ಮಗುವಿನ ಬುದ್ಧಿ ಪದದ ಸ್ಪೆಲ್ಲಿಂಗಿನಲ್ಲಿ ಸಿಕ್ಕಿಬೀಳದೆ ವಿಚಾರದ ಮೇಲೆ ನಿಲ್ಲಬೇಕಾದರೆ ಕನ್ನಡದ ಹೆಸರುಗಳು ಉಪಕಾರಿ.

ಎರಡನೆಯದು, ಪರೀಕ್ಷಿಸುವ ಅಭ್ಯಾಸ. ಮಕ್ಕಳೇ, ನಿಮಗೆ ಪರೀಕ್ಷೆಯೆಂದರೆ ಬೇಸರ. ಆದರೆ ಇಲ್ಲಿ ಪರೀಕ್ಷಕರು ನೀವೇ; ಪರೀಕ್ಷೆಗೆ ಕೂರುವುದು ನಿಮ್ಮ ಪ್ರೋಗ್ರಾಂ. ಗ್ರೇಡಿನ ಪ್ರೋಗ್ರಾಮಿಗೆ 75 ಎಂಬ ಒಂದು ಅಂಕ ಕೊಟ್ಟು, ಉತ್ತರ ಸರಿಯಾಗಿ ಬಂತೆಂದು ಎದ್ದುಹೋಗುವುದು ಸೋಮಾರಿಗಳ ಲಕ್ಷಣ. ತಪ್ಪುಗಳು ಯಾವಾಗಲೂ ಗಡಿಯಲ್ಲಿ ಅಡಗಿರುತ್ತವೆ. ಆದ್ದರಿಂದ 29, 30, 89, 90, ಸೊನ್ನೆ, ನೂರು ಇವನ್ನು ಕೊಟ್ಟು ನೋಡಬೇಕು. 101 ಕೊಟ್ಟರೆ ಏನಾಗುತ್ತದೆ? 89.5 ಕೊಟ್ಟರೆ? ಅಂಕದ ಜಾಗದಲ್ಲಿ "ಗೈರುಹಾಜರಿ" ಎಂದು ಬರೆದರೆ? ಪ್ರತಿಯೊಂದಕ್ಕೂ ಬರಬೇಕಾದ ಉತ್ತರವನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟು ಆಮೇಲೆ ಪ್ರೋಗ್ರಾಮನ್ನು ಓಡಿಸಬೇಕು. ಉತ್ತರ ನೋಡಿದ ಮೇಲೆ ಅದೇ ಸರಿಯೆಂದು ತೋರುವುದು ಮನುಷ್ಯ ಸ್ವಭಾವ. ಈ ಪರೀಕ್ಷೆಗಳನ್ನೇ ಇನ್ನೊಂದು ಚಿಕ್ಕ ಪ್ರೋಗ್ರಾಂ ಆಗಿ ಬರೆದಿಟ್ಟರೆ ಪ್ರತಿ ಬದಲಾವಣೆಯ ನಂತರ ಕ್ಷಣಮಾತ್ರದಲ್ಲಿ ಎಲ್ಲವನ್ನೂ ಮತ್ತೆ ಓಡಿಸಬಹುದು. ಅದಕ್ಕೆ ಬೇಕಾದ ಸಲಕರಣೆ ಪೈಥಾನಿನ ಜೊತೆಯಲ್ಲಿಯೇ ಬರುತ್ತದೆ.

"ನಿನ್ನೆ ಸರಿಯಾಗಿತ್ತು, ಇವತ್ತು ಪರೀಕ್ಷಿಸಬೇಕೇ?" ಎನ್ನುವವರು ಯುರೋಪಿನ ಏರಿಯಾನ್ 5 ರಾಕೆಟ್ಟಿನ ಕತೆ ಕೇಳಬೇಕು. 1996ರ ಜೂನ್ 4ರಂದು ಅದರ ಮೊದಲ ಹಾರಾಟ. ಏರಿಯಾನ್ 4ರಲ್ಲಿ ಚೆನ್ನಾಗಿ ನಡೆದಿದ್ದ ಪ್ರೋಗ್ರಾಮಿನ ಒಂದು ಭಾಗವನ್ನು ಇದಕ್ಕೂ ಹಾಗೆಯೇ ಬಳಸಿದ್ದರು. ಹೊಸ ರಾಕೆಟ್ಟಿನ ವೇಗ ಹೆಚ್ಚು. 32767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸದ ಜಾಗಕ್ಕೆ ಅದಕ್ಕಿಂತ ದೊಡ್ಡ ಸಂಖ್ಯೆ ಬಂತು. ಹಾರಿದ ಸುಮಾರು 40 ಸೆಕೆಂಡುಗಳಲ್ಲಿ ರಾಕೆಟ್ಟು ಚೂರುಚೂರಾಯಿತು. ಹಳೆಯ ಚಪ್ಪಲಿ ಎಷ್ಟೇ ಒಳ್ಳೆಯದಾದರೂ ಬೆಳೆದ ಕಾಲಿಗೆ ಹಿಡಿಸುತ್ತದೆಯೇ ಎಂದು ಹಾಕಿ ನೋಡಿಯೇ ತಿಳಿಯಬೇಕು.

ಮೂರನೆಯದು, ತಪ್ಪನ್ನು ಹುಡುಕುವ ಅಭ್ಯಾಸ. ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಗಾದೆ ನಿಮಗೆ ಗೊತ್ತು. ಪ್ರೋಗ್ರಾಂ ಕೆಟ್ಟಾಗ "ಕಂಪ್ಯೂಟರು ಸರಿ ಇಲ್ಲ" ಎನ್ನುವುದೂ ಅದೇ ಜಾತಿಯ ಮಾತು. ಯಂತ್ರ ಕೆಟ್ಟಿರುವುದು ಬಹಳ ಅಪರೂಪ. ಪ್ರೋಗ್ರಾಮಿನ ದೋಷಕ್ಕೆ ಇಂಗ್ಲಿಷಿನಲ್ಲಿ ಹುಳು ಎಂಬರ್ಥದ ಬಗ್ ಎಂಬ ಪದ ರೂಢಿಯಲ್ಲಿದೆ. 1947ರ ಸೆಪ್ಟೆಂಬರಿನಲ್ಲಿ ಹಾರ್ವರ್ಡಿನ ಒಂದು ಯಂತ್ರದಲ್ಲಿ ನಿಜವಾಗಿಯೇ ಒಂದು ಪತಂಗ ಸಿಕ್ಕಿಕೊಂಡಿತ್ತು. ಅಲ್ಲಿಯವರು ಅದನ್ನು ತೆಗೆದು ದಿನಚರಿ ಪುಸ್ತಕದಲ್ಲಿ ಅಂಟಿಸಿ ಇಟ್ಟರು. ಆ ಪದ ಅದಕ್ಕಿಂತ ಹಳೆಯದು. ಆದರೆ ಸಿಕ್ಕಿದ ದೋಷವನ್ನು ಮುಚ್ಚಿಡದೆ ಪುಸ್ತಕದಲ್ಲಿ ಬರೆದಿಟ್ಟರಲ್ಲ, ಆ ಗುಣ ನಮಗೆ ಬೇಕು.

ಹುಡುಕುವುದಕ್ಕೂ ಒಂದು ಕ್ರಮವಿದೆ. ಪೈಥಾನ್ ತಪ್ಪು ತೋರಿಸಿದಾಗ ತೆರೆಯ ಮೇಲೆ ಹಲವು ಸಾಲು ಇಂಗ್ಲಿಷ್ ಮೂಡುತ್ತದೆ. ಅದನ್ನು ಕಂಡು ಮಕ್ಕಳು ಹೆದರಿ ಕಿಟಕಿ ಮುಚ್ಚುತ್ತಾರೆ. ಹೆದರಬೇಕಿಲ್ಲ. ಕೊನೆಯ ಸಾಲನ್ನು ಮೊದಲು ಓದಿ. ತಪ್ಪಿನ ಜಾತಿ ಅಲ್ಲಿದೆ. ಅದರ ಮೇಲೆ ಸಾಲಿನ ಸಂಖ್ಯೆ ಇದೆ. ನೇಮ್ ಎರರ್ ಎಂದರೆ ಪರಿಚಯವಿಲ್ಲದ ಹೆಸರು. ಬಹಳ ಮಟ್ಟಿಗೆ ಅಕ್ಷರ ತಪ್ಪಿದೆ. ಸಿಂಟ್ಯಾಕ್ಸ್ ಎರರ್ ಎಂದರೆ ವಾಕ್ಯರಚನೆಯ ದೋಷ. ಇಂಡೆಂಟೇಶನ್ ಎರರ್ ಎಂದರೆ ಸಾಲಿನ ಮೊದಲು ಬಿಟ್ಟ ಜಾಗ ಸರಿ ಇಲ್ಲ. ಹೀಗೆ ಹತ್ತು ಹದಿನೈದು ಪದಗಳನ್ನು ತಿಳಿದರೆ ದಿನನಿತ್ಯದ ಕೆಲಸ ನಡೆಯುತ್ತದೆ. ಸಂದೇಶವೇನೂ ಬಾರದೆ ಉತ್ತರ ಮಾತ್ರ ತಪ್ಪಾಗಿದ್ದರೆ ಅರ್ಧ ಮಾಡುವ ಉಪಾಯವಿದೆ. ನಡುವೆ ಒಂದು ಕಡೆ ಮೌಲ್ಯವನ್ನು ಮುದ್ರಿಸಿ ನೋಡಿ. ಅಲ್ಲಿಯ ವರೆಗೆ ಸರಿ ಇದ್ದರೆ ದೋಷ ಕೆಳಗಿನ ಅರ್ಧದಲ್ಲಿ, ಇಲ್ಲದಿದ್ದರೆ ಮೇಲಿನ ಅರ್ಧದಲ್ಲಿ. ಸಾವಿರ ಸಾಲಿನ ಪ್ರೋಗ್ರಾಮಾದರೂ ಹೀಗೆ ಅರ್ಧ ಅರ್ಧ ಮಾಡಿದರೆ ಹತ್ತು ಹೆಜ್ಜೆಯಲ್ಲಿ ದೋಷದ ಸಾಲಿಗೆ ತಲುಪಬಹುದು.

ಇನ್ನೊಂದು ಉಪಾಯವನ್ನು ಹೆತ್ತವರು ಗಮನಿಸಬೇಕು. ಆಂಡ್ರೂ ಹಂಟ್ ಮತ್ತು ಡೇವಿಡ್ ಥಾಮಸ್ ಎಂಬವರು 1999ರಲ್ಲಿ ಪ್ರಕಟಿಸಿದ ಪ್ರೋಗ್ರಾಮರರ ಕೈಪಿಡಿಯೊಂದರಲ್ಲಿ ರಬ್ಬರಿನ ಬಾತುಕೋಳಿಯ ಪ್ರಸ್ತಾಪವಿದೆ. ತಪ್ಪು ಸಿಗದಿದ್ದಾಗ ಆ ಗೊಂಬೆಯನ್ನು ಎದುರಿಗಿಟ್ಟುಕೊಂಡು ತನ್ನ ಪ್ರೋಗ್ರಾಮನ್ನು ಸಾಲುಸಾಲಾಗಿ ಅದಕ್ಕೆ ವಿವರಿಸುವುದು; ವಿವರಿಸುತ್ತಿದ್ದಂತೆ ತಪ್ಪು ತಾನಾಗಿ ಹೊಳೆಯುವುದು. ನಮ್ಮ ಮನೆಗಳಲ್ಲಿ ಗೊಂಬೆ ಯಾಕೆ? ಅಡಿಕೆ ಸುಲಿಯುತ್ತ ಕೂತ ಅಜ್ಜನಿಲ್ಲವೇ? ಬೀಡಿ ಕಟ್ಟುತ್ತ ಕೂತ ತಾಯಿ ಇಲ್ಲವೇ? "ನಮಗೆ ಕಂಪ್ಯೂಟರು ಗೊತ್ತಿಲ್ಲ, ಮಗುವಿಗೆ ಏನು ಸಹಾಯ ಮಾಡಲಿ?" ಎಂದು ಕೊರಗುವ ತಂದೆತಾಯಂದಿರಿಗೆ ನನ್ನ ಉತ್ತರ ಇದು. ಮಗು ಹೇಳುವುದನ್ನು ಕೇಳಿ, ಅರ್ಥವಾಗದ ಕಡೆ "ಅದು ಯಾಕೆ ಹಾಗೆ?" ಎಂದು ಕೇಳಿ. ಯಾವ ಭಾಷೆಯಲ್ಲಿ ಕೇಳಿದರೂ ಆದೀತು. ಆದರೆ ಮನೆಯವರಿಗೆ ವಿವರಿಸಲು ಬಾರದ ಭಾಷೆಯಲ್ಲಿಯೇ ಮಗು ಎಲ್ಲವನ್ನೂ ಕಲಿತರೆ ಈ ಸಹಾಯ ಅದಕ್ಕೆ ತಪ್ಪಿಹೋಗುತ್ತದೆ.

ನಾಲ್ಕನೆಯದು, ಬರೆದುದರ ಚರಿತ್ರೆಯನ್ನು ಕಾಪಾಡುವ ಅಭ್ಯಾಸ. ಶಾಲೆಯ ಕಂಪ್ಯೂಟರುಗಳಲ್ಲಿ ಮಕ್ಕಳ ಕಡತಗಳ ಹೆಸರು ನೋಡಬೇಕು: "ಹೊಸದು", "ಹೊಸದು 2", "ಕೊನೆಯದು", "ನಿಜವಾಗಿ ಕೊನೆಯದು". ಇವುಗಳಲ್ಲಿ ಯಾವುದು ಸರಿ, ಯಾವುದರಲ್ಲಿ ಏನು ಬದಲಾಯಿತು ಎಂಬುದು ವಾರ ಕಳೆದರೆ ಬರೆದವನಿಗೂ ತಿಳಿಯದು. ಈ ಕಷ್ಟವನ್ನು ತಪ್ಪಿಸುವ ಸಲಕರಣೆಗಳು 1970ರ ದಶಕದಿಂದಲೇ ಇವೆ. ಇಂದು ಎಲ್ಲೆಡೆ ಬಳಕೆಯಲ್ಲಿರುವುದು ಗಿಟ್ ಎಂಬುದು. ಲಿನಕ್ಸಿನ ಕೆಲಸಕ್ಕೆ ಬಳಸುತ್ತಿದ್ದ ಬೇರೊಂದು ಸಲಕರಣೆಯ ಉಚಿತ ಬಳಕೆ ನಿಂತುಹೋದಾಗ ಟೊರ್ವಾಲ್ಡ್ಸ್ ಅವರೇ 2005ರ ಏಪ್ರಿಲಿನಲ್ಲಿ ಇದನ್ನು ಬರೆದರು. ಪ್ರತಿ ಹಂತದಲ್ಲಿ ಕೆಲಸವನ್ನು ದಾಖಲಿಸಿ, ಯಾರು, ಯಾವಾಗ, ಯಾಕೆ ಬದಲಿಸಿದರೆಂದು ಒಂದು ಸಾಲು ಬರೆದಿಡಬೇಕು. ಕೆಟ್ಟುಹೋದರೆ ಹಿಂದಿನ ಒಳ್ಳೆಯ ಪ್ರತಿಗೆ ಮರಳಬಹುದು. ಎರಡು ಪ್ರತಿಗಳ ನಡುವಿನ ವ್ಯತ್ಯಾಸವನ್ನು ಸಾಲುಸಾಲಾಗಿ ನೋಡಬಹುದು. ಇಬ್ಬರು ಬೇರೆಬೇರೆಯಾಗಿ ಬರೆದುದನ್ನು ಕೂಡಿಸಬಹುದು.

ಹತ್ತನೆಯ ತರಗತಿಯವರಿಗೆ ಇದರ ಕಲ್ಪನೆ ಕಷ್ಟವಾಗದು. ಹಳಗನ್ನಡ ಕಾವ್ಯಗಳ ಸಂಪಾದಕರು ಹಲವು ಓಲೆಪ್ರತಿಗಳನ್ನು ಎದುರಿಗಿಟ್ಟುಕೊಂಡು, ಒಂದರಲ್ಲಿ ಹೀಗಿದೆ, ಇನ್ನೊಂದರಲ್ಲಿ ಹಾಗಿದೆ ಎಂದು ಅಡಿಟಿಪ್ಪಣಿಯಲ್ಲಿ ಪಾಠಾಂತರ ಕೊಡುವುದನ್ನು ನೀವು ಕಂಡಿದ್ದೀರಿ. ಲಿಪಿಕಾರ ಯಾಕೆ ಬದಲಿಸಿದನೆಂದು ಬರೆದಿಡದೆ ಹೋದುದರಿಂದ ವಿದ್ವಾಂಸರು ಎಷ್ಟೋ ವರ್ಷ ತಲೆ ಕೆಡಿಸಿಕೊಳ್ಳಬೇಕಾಯಿತು. ಗಿಟ್ ಎಂಬುದು ಪಾಠಾಂತರಗಳನ್ನು ಕಾಲಕಾಲಕ್ಕೆ ಬರೆದಿಡುವ ಶಿಸ್ತು. "ಬದಲಾಯಿಸಿದೆ" ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. "ಮೂವತ್ತು ಅಂಕದವರನ್ನೂ ಸೇರಿಸಿಕೊಳ್ಳುವಂತೆ ತಿದ್ದಿದೆ" ಎಂದು ಬರೆದರೆ ಮುಂದಿನವನು ನಿಮ್ಮನ್ನು ಹರಸುತ್ತಾನೆ. ಒಂದು ಸಾಲಿನಲ್ಲಿ ಅರ್ಥಪೂರ್ಣವಾಗಿ ಬರೆಯುವುದು ಮತ್ತೆ ಭಾಷೆಯ ಪಾಠವೇ.

ಇನ್ನು ಕನ್ನಡ ಬಲ್ಲವರೇ ಮಾಡಬೇಕಾದ ಕೆಲಸಗಳೂ ಇವೆ. ಸ್ತ್ರೀ ಎಂಬ ಪದವನ್ನೇ ನೋಡಿ. ನಮ್ಮ ಕಣ್ಣಿಗೆ ಅದು ಒಂದೇ ಅಕ್ಷರ. ಯುನಿಕೋಡ್ ಪದ್ಧತಿಯಲ್ಲಿ ಅದು ಸ, ವಿರಾಮಚಿಹ್ನೆ, ತ, ಮತ್ತೆ ವಿರಾಮಚಿಹ್ನೆ, ರ, ದೀರ್ಘ ಈಕಾರ ಎಂದು ಆರು ಸಂಕೇತಗಳಾಗಿ ಇರುತ್ತದೆ. ಹೆಸರು ಉದ್ದವಾದರೆ ಇಷ್ಟನೆಯ ಸಂಕೇತಕ್ಕೆ ಕತ್ತರಿಸು ಎಂದು ಕನ್ನಡ ಅರಿಯದವನು ಬರೆದ ಪ್ರೋಗ್ರಾಂ ಒತ್ತಕ್ಷರದ ನಡುವೆಯೇ ಕತ್ತರಿ ಹಾಕುತ್ತದೆ. ಹಾಗೆಯೇ "ಕೊಡೆ" ಎಂಬಲ್ಲಿನ ಒಕಾರವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎರಡು ಸಂಕೇತ ಕೂಡಿಸಿಯೂ ಇಡಬಹುದು. ತೆರೆಯ ಮೇಲೆ ಎರಡೂ ಒಂದೇ. ಆದರೆ ಹುಡುಕಿದರೆ ಒಂದು ಇನ್ನೊಂದಕ್ಕೆ ಸಿಗುವುದಿಲ್ಲ. ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕು. ಗುರುತುಚೀಟಿಯಲ್ಲಿ ಮಗುವಿನ ಹೆಸರು ಅರ್ಧಕ್ಕೆ ತುಂಡಾಗದಿರಬೇಕಾದರೆ, ಗ್ರಂಥಾಲಯದ ಪಟ್ಟಿಯಲ್ಲಿ ಇರುವ ಪುಸ್ತಕ "ಇಲ್ಲ" ಎಂದು ಬಾರದಿರಬೇಕಾದರೆ, ಕಾಗುಣಿತ ಬಲ್ಲ ಪ್ರೋಗ್ರಾಮರ್ ಬೇಕು. ನಮ್ಮ ನೆರೆಯ ದಕ್ಷಿಣ ಕನ್ನಡದ ಕೆ. ಪಿ. ರಾವ್ ಅವರು ಕನ್ನಡದ ಕೀಲಿಮಣೆ ವಿನ್ಯಾಸವನ್ನು ಕೊಟ್ಟರು. ಯು. ಬಿ. ಪವನಜರು ಮಕ್ಕಳಿಗಾಗಿ ಲೋಗೋ ಎಂಬ ಪ್ರೋಗ್ರಾಂ ಭಾಷೆಯನ್ನು ಕನ್ನಡಕ್ಕೆ ತಂದರು. ಈ ಸಾಲಿನಲ್ಲಿ ಮುಂದೆ ನಿಲ್ಲಬೇಕಾದವರು ನಮ್ಮ ಬೆಂಚುಗಳಲ್ಲಿ ಕೂತವರೇ ಯಾಕಾಗಬಾರದು?

ಈಗ ಆಕ್ಷೇಪಗಳಿಗೆ ಬರುತ್ತೇನೆ. "ಕೈಪಿಡಿಗಳೆಲ್ಲ ಇಂಗ್ಲಿಷಿನಲ್ಲಿವೆ, ಕೆಲಸದ ಸಂದರ್ಶನ ಇಂಗ್ಲಿಷಿನಲ್ಲಿ ನಡೆಯುತ್ತದೆ, ಅದಕ್ಕೇನು ಹೇಳುತ್ತೀರಿ?" ಈ ಮಾತು ನಿಜ, ಇದನ್ನು ಮರೆಮಾಚುವುದು ಮಕ್ಕಳಿಗೆ ಬಗೆಯುವ ದ್ರೋಹ. ಇಂಗ್ಲಿಷ್ ಓದಿ ತಿಳಿಯುವ ಶಕ್ತಿ ಬೇಕೇ ಬೇಕು. ಆದರೆ ಇಂಗ್ಲಿಷನ್ನು ಕಲಿಯುವುದು ಬೇರೆ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಕಲಿಯುವುದು ಬೇರೆ. ಪೈಥಾನಿನಲ್ಲಿ ಕಾದಿರಿಸಿದ ಆಜ್ಞಾಪದಗಳು ಸುಮಾರು 35. ಒಂದು ಪದ್ಯದ ಕಠಿನ ಪದಗಳಿಗೆ ಅರ್ಥ ಕಲಿಯುವಷ್ಟೇ ಶ್ರಮ. ವಿಷಯ ತಿಳಿದವನಿಗೆ ಕೈಪಿಡಿಯ ಭಾಷೆ ಬೇಗ ಒಲಿಯುತ್ತದೆ. ವಿಷಯವೇ ತಿಳಿಯದೆ ವಾಕ್ಯವನ್ನು ಉರುಹೊಡೆದವನಿಗೆ ಎರಡೂ ಕೈಗೆ ಬರುವುದಿಲ್ಲ.

ಇನ್ನೊಂದು ಆಕ್ಷೇಪ ಈಚಿನದು. "ಈಗ ಕೃತಕ ಬುದ್ಧಿಮತ್ತೆ ಬಂದಿದೆ, ಕೇಳಿದ ಕೂಡಲೇ ಪ್ರೋಗ್ರಾಂ ಬರೆದುಕೊಡುತ್ತದೆ, ಇವನ್ನೆಲ್ಲ ಯಾಕೆ ಕಲಿಯಬೇಕು?" ಬರೆದುಕೊಡುತ್ತದೆ ನಿಜ, ಕನ್ನಡದಲ್ಲಿ ಕೇಳಿದರೂ ಕೊಡುತ್ತದೆ. ಆದರೆ "ಮೂವತ್ತರ ಮೇಲೆ" ಎಂದು ಕೇಳಿದರೆ ಮೂವತ್ತರ ಮೇಲಿನವರಿಗೆ ಮಾತ್ರ ಕೊಟ್ಟೀತು. ಕೆಲವೊಮ್ಮೆ ತಪ್ಪನ್ನೇ ಬಹಳ ಧೈರ್ಯದಿಂದ ಹೇಳೀತು. ಸರಿಯಾಗಿ ಕೇಳುವವನು, ಬಂದುದನ್ನು ಗಡಿಯಲ್ಲಿ ಪರೀಕ್ಷಿಸುವವನು, ತಪ್ಪಿದ್ದರೆ ಹುಡುಕಿ ತೆಗೆಯುವವನು ಈಗ ಹಿಂದೆಂದಿಗಿಂತ ಹೆಚ್ಚು ಬೇಕು. ನಕಲು ಮಾಡಿದ ಉತ್ತರ ಸರಿಯೋ ತಪ್ಪೋ ಎಂದು ತಿಳಿಯಲು ಪಾಠ ಬಂದಿರಬೇಕಷ್ಟೆ.

ಸಾಧನ ಸೌಕರ್ಯದಲ್ಲಿ ಕೂಡ ನಾವು ಬಡವರಲ್ಲ. ಕೇರಳದ ಶಾಲೆಗಳಲ್ಲಿ 2001ರಲ್ಲಿ ಐ.ಟಿ. ಅಟ್ ಸ್ಕೂಲ್ ಯೋಜನೆ ಆರಂಭವಾಯಿತು. 2017ರಲ್ಲಿ ಅದು ಕೈಟ್ ಸಂಸ್ಥೆಯಾಯಿತು. 2018ರಲ್ಲಿ ಮಕ್ಕಳ ಲಿಟಲ್ ಕೈಟ್ಸ್ ಘಟಕಗಳು ಬಂದವು. ನಮ್ಮ ಐ.ಸಿ.ಟಿ. ಪಠ್ಯ ಕನ್ನಡದಲ್ಲಿಯೂ ಇದೆ. ಶಾಲೆಯ ಕಂಪ್ಯೂಟರುಗಳಲ್ಲಿರುವುದು ಸ್ವತಂತ್ರ ತಂತ್ರಾಂಶ. ಲಿನಕ್ಸ್, ಪೈಥಾನ್, ಗಿಟ್ ಇವು ಯಾವುದಕ್ಕೂ ಕಾಸು ಕೊಡಬೇಕಾಗಿಲ್ಲ; ಮನೆಯ ಹಳೆಯ ಕಂಪ್ಯೂಟರಿನಲ್ಲಿಯೂ ನಡೆಯುತ್ತವೆ. ಹೀಗಿರುವಾಗ ಹತ್ತನೆಯ ತರಗತಿಗೆ ಮೊದಲೇ ಸಾಲ ಮಾಡಿ ಸರ್ಟಿಫಿಕೇಟಿನ ಕೋರ್ಸುಗಳಿಗೆ ಸೇರಿಸುವುದು ಅನಗತ್ಯ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಕೊನೆಯದಾಗಿ ಕೆಲವು ಸಲಹೆಗಳು. ಒಂಬತ್ತನೆಯ ತರಗತಿಯ ಪ್ರತಿ ವಿದ್ಯಾರ್ಥಿಯೂ ಒಂದು ತಪ್ಪಿನ ಪುಸ್ತಕ ಇಡಲಿ. ಬಂದ ದೋಷ, ಅದರ ಕಾರಣ, ಪರಿಹಾರ ಇವನ್ನು ಸ್ವಂತ ಕನ್ನಡದಲ್ಲಿ ಬರೆಯಲಿ. ವರ್ಷದ ಕೊನೆಗೆ ಅದು ಯಾವ ಗೈಡಿಗಿಂತಲೂ ಬೆಲೆಬಾಳುತ್ತದೆ. ಕನ್ನಡದ ಪಿರಿಯಡಿನಲ್ಲಿ ತಿಂಗಳಿಗೊಮ್ಮೆ ಸೂಚನೆ ಬರೆಯುವ ಪಾಠ ಇರಲಿ. ಬಸ್ ನಿಲ್ದಾಣದಿಂದ ಶಾಲೆಗೆ ಬರುವ ದಾರಿಯನ್ನು ಒಬ್ಬ ಬರೆಯಲಿ, ಇನ್ನೊಬ್ಬ ಅದರಲ್ಲಿ ಹೇಳಿದಷ್ಟನ್ನು ಮಾತ್ರ ಮಾಡಿ ನಡೆಯಲಿ. ಎಲ್ಲಿ ತಪ್ಪಿತೆಂದು ಇಬ್ಬರೂ ಕೂತು ತಿದ್ದಲಿ. ಒಬ್ಬರ ಪ್ರೋಗ್ರಾಮನ್ನು ಇನ್ನೊಬ್ಬರು ಓದಿ ಅಭಿಪ್ರಾಯ ಹೇಳುವ ಪದ್ಧತಿ ಲಿಟಲ್ ಕೈಟ್ಸ್ ಘಟಕದಲ್ಲಿ ಆರಂಭವಾಗಲಿ. ಇಂಗ್ಲಿಷ್ ಅಧ್ಯಾಪಕರ ನೆರವಿನಿಂದ ವಾರಕ್ಕೊಂದು ಪುಟ ಕೈಪಿಡಿ ಓದುವ ಅಭ್ಯಾಸವಾಗಲಿ. ಅಧ್ಯಾಪಕ ರಕ್ಷಕ ಸಂಘದ ಮುಂದಿನ ಸಭೆಯಲ್ಲಿ ಈ ವಿಚಾರ ಚರ್ಚೆಗೆ ಬಂದರೆ ಸಂತೋಷ.

ಹೆತ್ತವರೇ, ಮಗುವನ್ನು ಯಾವ ಮಾಧ್ಯಮಕ್ಕೆ ಸೇರಿಸಬೇಕೆಂಬ ಹಕ್ಕು ನಿಮ್ಮದು. ಆದರೆ ಕಂಪ್ಯೂಟರಿನ ಹೆಸರಿನಲ್ಲಿ ಕನ್ನಡವನ್ನು ಬಿಡಿಸಬೇಡಿ. ಆ ಲೆಕ್ಕ ತಪ್ಪು. ಒಂದೊಂದು ಮಗು ಹೋದಾಗಲೂ ಒಂದು ಬೆಂಚು ಖಾಲಿಯಾಗುತ್ತದೆ, ಬೆಂಚುಗಳು ಖಾಲಿಯಾದರೆ ಡಿವಿಜನ್ ಹೋಗುತ್ತದೆ, ಡಿವಿಜನ್ ಹೋದರೆ ಅಧ್ಯಾಪಕರ ಹುದ್ದೆ ಹೋಗುತ್ತದೆ. ಆಮೇಲೆ ಕನ್ನಡದಲ್ಲಿ ಕಲಿಯಬೇಕೆಂದು ಬಯಸುವ ಬಡವರ ಮಗುವಿಗೂ ತರಗತಿ ಇರುವುದಿಲ್ಲ. ವಿದ್ಯಾರ್ಥಿಗಳೇ, ನಿಮಗೆ ಹೇಳುವುದಿಷ್ಟು: ಸ್ಪಷ್ಟವಾಗಿ ಯೋಚಿಸಿ, ಸ್ಪಷ್ಟವಾಗಿ ಬರೆಯಿರಿ, ಬರೆದುದನ್ನು ಗಡಿಯಲ್ಲಿ ನಿಂತು ಪರೀಕ್ಷಿಸಿ. ಗಡಿಯಲ್ಲಿ ನಿಂತು ನೋಡುವುದು ನಮಗೆ ಹುಟ್ಟಿನಿಂದಲೇ ಬಂದ ಅಭ್ಯಾಸವಲ್ಲವೇ?